ಒಂದಾಳುದ್ದದ ಒತ್ತಡ

ನಡುಬೇಸಿಗೆಯಲ್ಲಿ ಹೊಳೆ ಒಣಗಿ ಬರೀ ಮರಳಾಗಿರುವಾಗ ಆ ಮರಳಿನಲ್ಲಿ ಒಂದು ಗುಂಡಿ ತೋಡಿ ಕಾದರೆ, ಸ್ವಲ್ಪ ಹೊತ್ತಿಗೆ ಅದರ ತಳ ಕಪ್ಪಗಾಗುತ್ತದೆ. ಆಮೇಲೆ ಹೊಳೆಯುತ್ತದೆ. ಆಮೇಲೆ ಅಂಗೈ ಅಗಲ ನೀರು ನಿಲ್ಲುತ್ತದೆ. ಬಯಲುಸೀಮೆಯ ಮಕ್ಕಳಿಗೆಲ್ಲ ಗೊತ್ತಿರುವ ಈ ಆಟವನ್ನೇ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ರೈತರು ಒಂದು ನೀರಾವರಿ ಪದ್ಧತಿಯನ್ನಾಗಿ ಬೆಳೆಸಿದ್ದರು. ಅದರ ಹೆಸರು ತಲಪರಿಗೆ.

ತಲಪರಿಗೆಯೆಂದರೆ ಬಾವಿಯಲ್ಲ, ಕೆರೆಯೂ ಅಲ್ಲ. ಹಳ್ಳದ ಪಾತ್ರದಲ್ಲೋ, ಕೆರೆಯ ಅಂಗಳದಲ್ಲೋ, ಏರಿಯ ಕೆಳಗಿನ ತಗ್ಗಿನಲ್ಲೋ ನೆಲದೊಳಗಿನ ನೀರು ಮೇಲ್ಮೈಗೆ ಹತ್ತಿರ ಬರುವ ಜಾಗವನ್ನು ಗುರುತಿಸಿ, ಅಲ್ಲಿ ಗುಂಡಿ ತೋಡಿ, ಜಿನುಗಿದ ನೀರನ್ನು ಕಾಲುವೆಯ ಮೂಲಕ ಇಳಿಜಾರಿಗೆ ಹರಿಸಿಕೊಳ್ಳುವ ಏರ್ಪಾಡು. ಏತವಿಲ್ಲ, ಕಪಿಲೆಯಿಲ್ಲ, ಎತ್ತುಗಳಿಲ್ಲ. ನೀರು ತಾನಾಗಿ ಬರಬೇಕು, ತಾನಾಗಿ ಹರಿಯಬೇಕು. ಬಿ. ಎಲ್. ರೈಸ್ ಅವರು 19ನೇ ಶತಮಾನದ ಕೊನೆಯ ಭಾಗದಲ್ಲಿ ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲಿ ಈ ಊಟೆಗಳ ಪ್ರಸ್ತಾಪವಿದೆ. ಕೊರಟಗೆರೆಯಿಂದ ಹಿರಿಯೂರಿನ ಮೇಲೆ ಮೊಳಕಾಲ್ಮೂರಿನವರೆಗೆ ಒಂದು ಗೆರೆ ಎಳೆದರೆ, ಅದರ ಪೂರ್ವದ ಸೀಮೆಯೆಲ್ಲ ತಲಪರಿಗೆಯ ನಾಡು ಎಂದು ಅದು ಹೇಳುತ್ತದೆ. ಈ ಸೀಮೆಯ ದಕ್ಷಿಣದಲ್ಲಿ ಮರಳು ನೆಲವನ್ನು ಸ್ವಲ್ಪವೇ ಅಗೆದರೂ ನೀರು ಮೇಲಕ್ಕೆ ಬರುತ್ತದೆ. ಪಾವಗಡದ ಕಡೆ ಮೆದುವಾದ, ಸರಂಧ್ರವಾದ ಕಲ್ಲನ್ನು ಕಡಿಯಬೇಕು. ಇನ್ನೂ ಉತ್ತರಕ್ಕೆ ಹೋದರೆ ಗಟ್ಟಿ ಬಂಡೆಯೇ ಅಡ್ಡ ಬರುತ್ತದೆ ಎಂಬ ವಿವರವೂ ಅಲ್ಲಿದೆ. ವರ್ಷಕ್ಕೆ 500ರಿಂದ 700 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಸೀಮೆಯಲ್ಲಿ ಭತ್ತ, ಅಡಿಕೆ, ತೆಂಗು ಬೆಳೆದದ್ದು ಹೇಗೆಂಬ ಪ್ರಶ್ನೆಗೆ ಕೆರೆಗಳ ಜೊತೆಗೆ ಈ ಊಟೆಗಳೂ ಉತ್ತರ.

ಈ ನೀರು ಎಲ್ಲಿಂದ ಬರುತ್ತದೆ? ಹಳ್ಳಿಯ ಹಿರಿಯರನ್ನು ಕೇಳಿದರೆ 'ನೆಲದೊಳಗೆ ನೀರಿನ ನರ ಇರುತ್ತೆ, ಅದು ಇಲ್ಲಿ ಬಾಯಿ ಬಿಟ್ಟಿದೆ' ಎನ್ನುವುದುಂಟು. ಕನ್ನಡದ ಆಡುಮಾತಿನಲ್ಲಿ ನರ ಎಂದರೆ ಸಂದೇಶ ಒಯ್ಯುವ ತಂತುವೂ ಹೌದು, ಕೈಮೇಲೆ ನೀಲಿಯಾಗಿ ಕಾಣುವ ರಕ್ತನಾಳವೂ ಹೌದು. ಸೂಜಿ ಚುಚ್ಚುವ ನರ್ಸು ಹುಡುಕುವುದು ಈ ಎರಡನೆಯದನ್ನು. ನೀರು ನೋಡುವವನು ಹುಡುಕುವುದೂ ಅದನ್ನೇ. ಈ ಹೋಲಿಕೆ ಇಂದು ನಿನ್ನೆಯದಲ್ಲ.

6ನೇ ಶತಮಾನದಲ್ಲಿ ವರಾಹಮಿಹಿರ ಬರೆದ 'ಬೃಹತ್ಸಂಹಿತೆ'ಯಲ್ಲಿ ಉದಕಾರ್ಗಳ ಎಂಬ ಅಧ್ಯಾಯವಿದೆ. ನೆಲದಡಿಯ ನೀರನ್ನು ಪತ್ತೆ ಮಾಡುವ ವಿದ್ಯೆ ಅದರ ವಿಷಯ. ಮನುಷ್ಯನ ಅಂಗಾಂಗಗಳಲ್ಲಿ ಹೇಗೆ ಸಿರೆಗಳಿವೆಯೋ ಹಾಗೆಯೇ ಭೂಮಿಯಲ್ಲೂ ಕೆಲವು ಮೇಲೆ, ಕೆಲವು ಆಳದಲ್ಲಿ ಜಲಸಿರೆಗಳಿವೆ ಎಂಬ ಮಾತಿನಿಂದಲೇ ಅಧ್ಯಾಯ ಆರಂಭವಾಗುತ್ತದೆ. ಎಂಟು ದಿಕ್ಕುಗಳ ಒಡೆಯರ ಹೆಸರಿನಲ್ಲಿ ಎಂಟು ಸಿರೆಗಳು, ನಡುವೆ ಒಂಬತ್ತನೆಯದಾಗಿ ಮಹಾಸಿರೆ. (ಶಿರಾ ಊರಿನ ಹೆಸರಿಗೂ ಈ ಸಿರೆಗೂ ಸಂಬಂಧ ಕಟ್ಟಬೇಕಾಗಿಲ್ಲ, ಆದರೆ ತಲಪರಿಗೆಯ ಸೀಮೆಯಲ್ಲೇ ಕಿವಿಗೆ ಒಂದೇ ಎನಿಸುವ ಹೆಸರಿನ ಊರಿರುವುದು ಚೆಂದದ ಕಾಕತಾಳೀಯ.) ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ ಮರದ ದಕ್ಷಿಣಕ್ಕೆ ಎರಡಾಳು ಆಳದಲ್ಲಿ ಸಿಹಿನೀರು ಸಿಗುತ್ತದೆ ಎಂಬಂಥ ಗುರುತುಗಳು ಅಲ್ಲಿ ಹತ್ತಾರಿವೆ. ಆಳವನ್ನು ಅಳೆಯುವ ಮಾನ 'ಪುರುಷ', ಅಂದರೆ ಕೈಯೆತ್ತಿ ನಿಂತ ಒಬ್ಬ ಆಳು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಾವಿಯ ಆಳವನ್ನು ಆಳುಗಳಲ್ಲಿ ಹೇಳುವವರಿದ್ದಾರೆ. ಕನ್ನಡದಲ್ಲಿ ಈ ವಿದ್ಯೆ 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಬರುತ್ತದೆ. ಅಡುಗೆ, ಸುಗಂಧ, ಮರಗಿಡಗಳ ಆರೈಕೆಗಳ ನಡುವೆ ನೀರು ಹುಡುಕುವ ಬಗೆಯೂ ಗೃಹಸ್ಥನಿಗೆ ತಿಳಿದಿರಬೇಕಾದ ಸಂಗತಿ ಎಂದು ಚಾವುಂಡರಾಯ ಭಾವಿಸಿದ್ದ.

ಕುತೂಹಲದ ಸಂಗತಿಯೆಂದರೆ ಹೋಲಿಕೆ ಎರಡೂ ಕಡೆಗೆ ನಡೆದಿದೆ. ನೀರಿನ ಪಂಡಿತ ಭೂಮಿಯನ್ನು ದೇಹಕ್ಕೆ ಹೋಲಿಸಿದರೆ, ದೇಹದ ಪಂಡಿತ ದೇಹವನ್ನು ಹೊಲಕ್ಕೆ ಹೋಲಿಸಿದ. ಸುಶ್ರುತ ಸಂಹಿತೆಯ ಪ್ರಕಾರ ದೇಹದಲ್ಲಿ 700 ಸಿರೆಗಳು. ತೋಟವನ್ನು ನೀರಿನ ಕಾಲುವೆಗಳು, ಗದ್ದೆಯನ್ನು ನಾಲೆಗಳು ತೋಯಿಸುವಂತೆ ಅವು ಶರೀರವನ್ನು ತೋಯಿಸುತ್ತವೆ. ಅವುಗಳ ಮೂಲ ಹೃದಯವಲ್ಲ, ಹೊಕ್ಕುಳು. ಗ್ರೀಕ್ ವೈದ್ಯ ಗೇಲನ್ 2ನೇ ಶತಮಾನದಲ್ಲಿ ಹೆಚ್ಚು ಕಡಿಮೆ ಇದೇ ಚಿತ್ರವನ್ನು ಕೊಟ್ಟ. ಯಕೃತ್ತಿನಲ್ಲಿ ರಕ್ತ ತಯಾರಾಗುತ್ತದೆ, ತೋಟದ ಕಾಲುವೆಗಳಲ್ಲಿ ನೀರು ಹರಿದಂತೆ ಅಂಗಗಳಿಗೆ ಹರಿಯುತ್ತದೆ, ಅಲ್ಲಿಯೇ ಖರ್ಚಾಗುತ್ತದೆ.

ಹೋಲಿಕೆ ದಾರಿ ತಪ್ಪಿಸಿದ್ದು ಇಲ್ಲಿ. ಗದ್ದೆಗೆ ಬಿಟ್ಟ ನೀರು ಕೆರೆಗೆ ಮರಳಿ ಬರುವುದಿಲ್ಲ. ಬೆಳೆ ಕುಡಿಯುತ್ತದೆ, ಬಿಸಿಲು ಹೀರುತ್ತದೆ. ರಕ್ತವೂ ಹಾಗೆಯೇ ಇರಬೇಕೆಂದು ಯುರೋಪಿನ ಮತ್ತು ಅರಬ್ಬರ ವೈದ್ಯಶಾಸ್ತ್ರಗಳು ಸುಮಾರು 1500 ವರ್ಷ ನಂಬಿದವು. 13ನೇ ಶತಮಾನದಲ್ಲಿ ಇಬ್ನ್ ಅಲ್-ನಫೀಸ್ ಎಂಬ ವೈದ್ಯ ರಕ್ತವು ಹೃದಯದ ಬಲಭಾಗದಿಂದ ಶ್ವಾಸಕೋಶಗಳ ಮೂಲಕ ಎಡಭಾಗಕ್ಕೆ ಬರುತ್ತದೆ ಎಂದು ಸರಿಯಾಗಿಯೇ ಬರೆದಿದ್ದರೂ ಆ ಮಾತು ಬಹುಕಾಲ ಮೂಲೆಯಲ್ಲಿ ಉಳಿಯಿತು.

ಗಂಟು ಬಿಚ್ಚಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರಲ್ಲಿ. ಪ್ರಾಣಿಗಳನ್ನು ಕೊಯ್ದು ನೋಡಿದ್ದರ ಜೊತೆಗೆ ಅವನು ಹೂಡಿದ ಒಂದು ಮುಖ್ಯ ವಾದ ಬರೀ ಲೆಕ್ಕದ್ದು. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತವನ್ನು ಹೊರಗೆ ತಳ್ಳುತ್ತದೆ? ಬೇಕೆಂದೇ ತೀರ ಕಡಿಮೆ ಅಂದಾಜು ಹಿಡಿದು, ಅರ್ಧ ಗಂಟೆಯ ಬಡಿತಗಳಿಂದ ಅದನ್ನು ಗುಣಿಸಿದ. ಬಂದ ಮೊತ್ತ ಇಡೀ ದೇಹದಲ್ಲಿರುವ ರಕ್ತಕ್ಕಿಂತ ಹೆಚ್ಚಾಯಿತು. ಅಷ್ಟು ರಕ್ತವನ್ನು ತಿಂದ ಅನ್ನದಿಂದ ಅಷ್ಟು ಬೇಗ ತಯಾರಿಸಲು ಯಾವ ಯಕೃತ್ತಿಗೂ ಸಾಧ್ಯವಿಲ್ಲ. ಹಾಗಾದರೆ ಹೋದ ರಕ್ತವೇ ಮರಳಿ ಬರುತ್ತಿರಬೇಕು. ಇಂದಿನ ಅಂಕಿಗಳಲ್ಲಿ ಹೇಳುವುದಾದರೆ ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 70 ಬಡಿತ. ಅಂದರೆ ನಿಮಿಷಕ್ಕೆ 5 ಲೀಟರ್. ದೇಹದಲ್ಲಿರುವ ಒಟ್ಟು ರಕ್ತವೂ ಹೆಚ್ಚು ಕಡಿಮೆ 5 ಲೀಟರೇ. ದಿನಕ್ಕೆ 7000 ಲೀಟರ್, ಬೇಸಿಗೆಯಲ್ಲಿ ಊರಿಗೆ ಬರುವ ಟ್ಯಾಂಕರಿನಷ್ಟು. ಕೇವಲ ಎರಡು ಸಣ್ಣ ಕೊಡ ರಕ್ತದಿಂದ ಹೃದಯ ಒಂದು ಟ್ಯಾಂಕರಿನ ಕೆಲಸ ಮಾಡಿಸುತ್ತದೆ.

ಹೋಗುವ ನಾಳಗಳು ಅಪಧಮನಿಗಳು, ಬರುವ ನಾಳಗಳು ಅಭಿಧಮನಿಗಳು. ಇವೆರಡನ್ನು ಜೋಡಿಸುವ ದಾರಿ ಹಾರ್ವೆಗೆ ಕಾಣಲಿಲ್ಲ. ಇರಲೇಬೇಕೆಂದು ಅವನು ತರ್ಕಿಸಿದ, ಅಷ್ಟೆ. ಅವನು ತೀರಿಕೊಂಡ ಮೇಲೆ, 1661ರಲ್ಲಿ ಇಟಲಿಯ ಮಾರ್ಚೆಲ್ಲೋ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಆ ದಾರಿ ಕಣ್ಣಿಗೆ ಬಿತ್ತು. ಅವೇ ಲೋಮನಾಳಗಳು. ಲೋಮ ಎಂದರೆ ಕೂದಲು. ಆದರೆ ಇವು ಕೂದಲಿನ ಹತ್ತರಲ್ಲೊಂದು ಭಾಗದಷ್ಟು ಮಾತ್ರ ದಪ್ಪ. ಕೆಂಪು ರಕ್ತಕಣಗಳು ಒಂದರ ಹಿಂದೊಂದು ಸಾಲಾಗಿ, ಮೈ ಬಾಗಿಸಿ ನುಸುಳಬೇಕು. ಆಹಾರ, ಆಮ್ಲಜನಕಗಳು ಜೀವಕೋಶಗಳಿಗೆ ದಾಟುವುದು ಇಲ್ಲಿಯೇ. ದೊಡ್ಡ ನಾಳಗಳೆಲ್ಲ ಇಲ್ಲಿಗೆ ತಲುಪಿಸುವ ರಸ್ತೆಗಳು.

ರಕ್ತ ಸುತ್ತುತ್ತದೆ ಎಂದು ಗೊತ್ತಾಯಿತು. ಎಷ್ಟು ಬಲದಿಂದ ಸುತ್ತುತ್ತದೆ? ಅದನ್ನು ಮೊದಲು ಅಳೆದವನು ವೈದ್ಯನಲ್ಲ, ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ. ಗಿಡಗಳ ಕಾಂಡದಲ್ಲಿ ರಸ ಯಾವ ಒತ್ತಡದಿಂದ ಏರುತ್ತದೆ ಎಂದು ಅಳೆದು 1727ರಲ್ಲಿ ಪುಸ್ತಕ ಬರೆದಿದ್ದ ಹೇಲ್ಸ್, 1733ರಲ್ಲಿ ರಕ್ತದ ಬಗ್ಗೆ ಇನ್ನೊಂದು ಪುಸ್ತಕ ಪ್ರಕಟಿಸಿದ. ಹೆಣ್ಣು ಕುದುರೆಯೊಂದನ್ನು ಕಟ್ಟಿ ಮಲಗಿಸಿ, ಅದರ ತೊಡೆಯ ಅಪಧಮನಿಗೆ ಹಿತ್ತಾಳೆಯ ನಳಿಗೆ ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದ. ರಕ್ತ ಕೊಳವೆಯಲ್ಲಿ ಹೃದಯದ ಮಟ್ಟಕ್ಕಿಂತ 8 ಅಡಿ 3 ಅಂಗುಲ ಎತ್ತರಕ್ಕೆ ಏರಿ, ಪ್ರತಿ ಬಡಿತಕ್ಕೂ ಏರಿಳಿಯುತ್ತ ನಿಂತಿತು. ಇಂದು ಓದುವಾಗ ಮನಸ್ಸು ಕಸಿವಿಸಿಗೊಳ್ಳುವ ಪ್ರಯೋಗವದು. ಆದರೂ ರಕ್ತದೊತ್ತಡವನ್ನು ಮನುಷ್ಯ ಕಣ್ಣಾರೆ ಕಂಡದ್ದು ಹಾಗೆ: ಒಂದು ಕೊಳವೆಯಲ್ಲಿ ದ್ರವ ಎಷ್ಟು ಎತ್ತರಕ್ಕೆ ತಾನಾಗಿ ನಿಲ್ಲುತ್ತದೆ ಎಂಬುದಾಗಿ.

ಅಷ್ಟು ಉದ್ದದ ಗಾಜಿನ ಕೊಳವೆಯನ್ನು ರೋಗಿಯ ಹಾಸಿಗೆಯ ಪಕ್ಕಕ್ಕೆ ಒಯ್ಯುವುದು ಆಗದ ಮಾತು. 1828ರಲ್ಲಿ ಫ್ರಾನ್ಸಿನ ವೈದ್ಯ ಪ್ವಾಸೋಯ್ ನೀರಿಗಿಂತ 13.6 ಪಟ್ಟು ಭಾರವಾದ ಪಾದರಸವನ್ನು ಕೊಳವೆಗೆ ತುಂಬಿದ. ಎತ್ತರ ಅಷ್ಟೇ ಪಟ್ಟು ಕುಗ್ಗಿತು. 1896ರಲ್ಲಿ ಇಟಲಿಯ ರಿವಾ-ರೋಚ್ಚಿ ತೋಳಿಗೆ ಸುತ್ತುವ ಗಾಳಿಪಟ್ಟಿಯನ್ನು ತಂದ ಮೇಲೆ ನಾಳಕ್ಕೆ ಚುಚ್ಚುವ ಅಗತ್ಯವೇ ಇಲ್ಲವಾಯಿತು. 1905ರಲ್ಲಿ ರಷ್ಯದ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಆಲಿಸಿದ. ಪಟ್ಟಿಯ ಗಾಳಿ ಇಳಿಸುತ್ತ ಬಂದಂತೆ ಮೊದಲ ಸದ್ದು ಕೇಳಿಸುವ ಅಂಕಿ ಹೃದಯ ಹಿಂಡಿದಾಗಿನ ಒತ್ತಡ. ಸದ್ದು ಅಡಗುವ ಅಂಕಿ ಹೃದಯ ಸಡಿಲಗೊಂಡಾಗಿನದು. ಇಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಡಿಜಿಟಲ್ ಯಂತ್ರವೇ ಬಂದಿದ್ದರೂ ಚೀಟಿಯಲ್ಲಿ ಬರೆಯುವ 120/80 ಎಂಬುದು ಪಾದರಸದ ಮಿಲಿಮೀಟರುಗಳೇ.

ಆ 120ನ್ನು ನೀರಿಗೆ ಬದಲಾಯಿಸಿ ನೋಡಿದರೆ 163 ಸೆಂಟಿಮೀಟರ್ ಆಗುತ್ತದೆ, ಅಂದರೆ 5 ಅಡಿ 4 ಅಂಗುಲ. ಸರಿಸುಮಾರು ಒಬ್ಬ ಮನುಷ್ಯನ ಎತ್ತರ. ಆರೋಗ್ಯವಂತ ಹೃದಯ ಒಂದಾಳುದ್ದದ ನೀರಿನ ಕಂಬವನ್ನು ಎತ್ತಿ ಹಿಡಿಯುತ್ತದೆ, ಅಷ್ಟೇ. ಹಳ್ಳಿಯ ಓವರ್‌ಹೆಡ್ ಟ್ಯಾಂಕಿನ ನೀರು ಇದರ ಹಲವು ಪಟ್ಟು ಒತ್ತಡದಲ್ಲಿ ನಲ್ಲಿಗೆ ಬರುತ್ತದೆ.

ಇಷ್ಟು ಕಡಿಮೆ ಒತ್ತಡದಲ್ಲಿ ಇಡೀ ಮೈಗೆ ನೀರುಣಿಸುವ ಗುಟ್ಟು ತೂಬುಗಳಲ್ಲಿದೆ. ಅಪಧಮನಿಗಳು ಕವಲೊಡೆದು ಕವಲೊಡೆದು, ಲೋಮನಾಳಗಳಾಗುವ ಮೊದಲು, ಗೋಡೆಯಲ್ಲಿ ಸ್ನಾಯುವಿರುವ ಸಣ್ಣ ನಾಳಗಳಾಗುತ್ತವೆ. ಈ ಸ್ನಾಯು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿಸಿದರೆ ಅಗಲವಾಗುತ್ತದೆ. ಪ್ವಾಸೋಯ್ 1840ರ ದಶಕದಲ್ಲಿ ಸಪೂರ ಗಾಜಿನ ನಳಿಗೆಗಳಲ್ಲಿ ನೀರು ಹರಿಸಿ ಕಂಡುಕೊಂಡ ನಿಯಮ ಇಲ್ಲಿ ನೆನೆಯತಕ್ಕದ್ದು: ನಳಿಗೆಯ ಅಗಲ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ತೂಬನ್ನು ಕೂದಲೆಳೆಯಷ್ಟು ತಿರುಗಿಸಿದರೂ ಪರಿಣಾಮ ದೊಡ್ಡದು. ವಿಶ್ರಾಂತಿಯಲ್ಲಿರುವವನ ರಕ್ತದ ಹರಿವಿನಲ್ಲಿ ಐದನೇ ಒಂದು ಪಾಲು ಮಾತ್ರ ಮೈಕೈಯ ಸ್ನಾಯುಗಳಿಗೆ ಹೋಗುತ್ತದೆ. ಅದೇ ಮನುಷ್ಯ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬಿರುಸಾಗಿ ಹತ್ತತೊಡಗಿದರೆ ಕಾಲಿನ ಸ್ನಾಯುಗಳ ತೂಬುಗಳು ತೆರೆದುಕೊಳ್ಳುತ್ತವೆ, ಹೊಟ್ಟೆ ಕರುಳುಗಳ ತೂಬುಗಳು ಅರೆ ಮುಚ್ಚುತ್ತವೆ, ಹೃದಯ ಹಲವು ಪಟ್ಟು ಹೆಚ್ಚು ರಕ್ತ ತಳ್ಳುತ್ತದೆ. ಉಂಡ ಕೂಡಲೇ ಬೆಟ್ಟ ಹತ್ತಬೇಡ ಎನ್ನುವ ಹಿರಿಯರ ಮಾತಿನಲ್ಲಿ ನೀರಗಂಟಿಯ ಲೆಕ್ಕವಿದೆ: ಒಂದೇ ಸಮಯಕ್ಕೆ ಎಲ್ಲ ಗದ್ದೆಗೂ ನೀರು ಬಿಡಲಾಗದು.

ಹೃದಯದಿಂದ ಹೊರಡುವಾಗ ಸರಾಸರಿ 95 ಮಿಲಿಮೀಟರಿನಷ್ಟಿರುವ ಒತ್ತಡ ಈ ತೂಬುಗಳನ್ನು ದಾಟುವಷ್ಟರಲ್ಲಿ 35ರ ಸುಮಾರಿಗೆ ಇಳಿದಿರುತ್ತದೆ. ಲೋಮನಾಳಗಳ ಕೊನೆಯಲ್ಲಿ 15. ಹೃದಯಕ್ಕೆ ಮರಳುವಾಗ ಸೊನ್ನೆಗೆ ಹತ್ತಿರ. ಲೋಮನಾಳಗಳಲ್ಲಿ ರಕ್ತ ಹರಿಯುವುದಕ್ಕಿಂತ ಜಿನುಗುತ್ತದೆ ಎಂದರೆ ಸರಿ. ಹಾಗೆ ಮೆಲ್ಲಗೆ ಜಿನುಗುವುದರಿಂದಲೇ ಕೊಡು–ಕೊಳ್ಳುವಿಕೆಗೆ ಸಮಯ ಸಿಗುತ್ತದೆ.

ತೂಬುಗಳು ವರ್ಷಗಟ್ಟಲೆ ಬಿಗಿದುಕೊಂಡೇ ಇದ್ದರೆ, ಉಪ್ಪು ಹೆಚ್ಚಾಗಿ ಮೂತ್ರಪಿಂಡಗಳು ನೀರನ್ನು ಹಿಡಿದಿಟ್ಟರೆ, ವಯಸ್ಸಾಗಿ ಅಪಧಮನಿಗಳು ಗಡುಸಾದರೆ ಒತ್ತಡ ಏರುತ್ತದೆ. 140/90 ದಾಟಿದರೆ ವೈದ್ಯರು ಅದನ್ನು ಅಧಿಕ ರಕ್ತದೊತ್ತಡ ಎನ್ನುತ್ತಾರೆ. ಕೆರೆಯ ಏರಿಯ ಒಳಗಿನ ಬಿರುಕು ಹೇಗೆ ಒಡೆಯುವ ದಿನದವರೆಗೂ ಕಾಣದೋ ಹಾಗೆ ಇದೂ ಬಹಳ ಮಂದಿಯಲ್ಲಿ ನೋವಿಲ್ಲದೆ ಇರುತ್ತದೆ. ಕೊನೆಗೆ ಒಡೆಯುವುದೋ ಕಟ್ಟಿಕೊಳ್ಳುವುದೋ ಮೆದುಳಿನ ನಾಳ, ಇಲ್ಲವೇ ಸೋಲುವುದು ಹೃದಯ. 'ನನಗೆ ಬಿ.ಪಿ. ಇಲ್ಲ, ತಲೆಸುತ್ತೇ ಬರುವುದಿಲ್ಲ' ಎನ್ನುವವರ ವಿಶ್ವಾಸಕ್ಕೆ ಆಧಾರವಿಲ್ಲ. ಅಳೆಯದೆ ತಿಳಿಯುವ ಸಂಗತಿ ಅದಲ್ಲ. 2010ರಲ್ಲಿ ಆರಂಭವಾದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ತಪಾಸಣೆ ಉಚಿತ.

ಈಗ ಮತ್ತೆ ಮರಳಿನ ಗುಂಡಿಗೆ ಬರೋಣ. ಪ್ವಾಸೋಯ್‌ನ ದೇಶದವನೇ ಆದ ಆನ್ರಿ ಡಾರ್ಸಿ ಎಂಬ ಎಂಜಿನಿಯರ್ ದಿಜೋನ್ ಪಟ್ಟಣಕ್ಕೆ ಕುಡಿಯುವ ನೀರು ತಂದವನು. ಮರಳಿನ ಮೂಲಕ ನೀರು ಸೋಸುವಾಗ ಎಷ್ಟು ವೇಗವಾಗಿ ಇಳಿಯುತ್ತದೆ ಎಂದು ಅಳೆದು 1856ರಲ್ಲಿ ಅವನು ಪ್ರಕಟಿಸಿದ ನಿಯಮ ಇಂದಿಗೂ ಅಂತರ್ಜಲ ಶಾಸ್ತ್ರದ ತಳಹದಿ. ಅದರ ತಿರುಳು ಸರಳ: ಈ ತುದಿಗೂ ಆ ತುದಿಗೂ ಇರುವ ನೀರಿನ ಮಟ್ಟದ ವ್ಯತ್ಯಾಸ ಹೆಚ್ಚಾದಷ್ಟೂ ಹರಿವು ಹೆಚ್ಚು, ದಾರಿ ಉದ್ದವಾದಷ್ಟೂ, ರಂಧ್ರಗಳು ಕಿರಿದಾದಷ್ಟೂ ಹರಿವು ಕಡಿಮೆ. ರಕ್ತನಾಳಕ್ಕೆ ಪ್ವಾಸೋಯ್ ಹೇಳಿದ್ದಕ್ಕೂ ಮರಳಿಗೆ ಡಾರ್ಸಿ ಹೇಳಿದ್ದಕ್ಕೂ ರೂಪ ಒಂದೇ. ಎರಡೂ ಕಡೆ ದ್ರವವನ್ನು ನಡೆಸುವುದು ಒತ್ತಡದ ವ್ಯತ್ಯಾಸ. ನೆಲದೊಳಗೆ ವರಾಹಮಿಹಿರ ಕಲ್ಪಿಸಿದಂಥ ನಾಳಗಳಿಲ್ಲ. ಮರಳಿನ ಕಣಗಳ ನಡುವಿನ ಸಂದು, ಕೊಳೆತ ಕಲ್ಲಿನ ರಂಧ್ರ, ಬಂಡೆಯ ಬಿರುಕು ಇಷ್ಟೇ. ಆದರೆ ಹೋಲಿಕೆಯ ಒಳಗಿದ್ದ ಊಹೆ ಸುಳ್ಳಾಗಲಿಲ್ಲ.

ತುಮಕೂರಿನ ಈ ಭಾಗದ ನೆಲ ಕಣಶಿಲೆಯದು. ಮೇಲೆ ಮಣ್ಣು, ಅದರಡಿ ಶಿಥಿಲವಾದ ಕಲ್ಲಿನ ಪದರ, ಅದರಡಿ ಬಿರುಕು ಬಿಟ್ಟ ಬಂಡೆ. ಶಿಥಿಲ ಪದರವೂ ಹಳ್ಳಗಳ ಮರಳೂ ಮಳೆನೀರನ್ನು ಹೀರಿಟ್ಟುಕೊಳ್ಳುವ ಹತ್ತಿಯಂತೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳ ಮೂಲಕ ಹರಿದು ಆಂಧ್ರದ ಗಡಿ ದಾಟಿ ಉತ್ತರ ಪಿನಾಕಿನಿಯನ್ನು ಸೇರುವವರೆಗೆ ಅದರ ಪಾತ್ರದಲ್ಲಿ ಸೇರಿದ ಮರಳು ಇಂಥ ದೊಡ್ಡ ಉಗ್ರಾಣ. ಮೇಲೊಂದು ಕೆರೆ ತುಂಬಿದ್ದರೆ ಅದರ ನೀರಿನ ಎತ್ತರವೇ ಹೃದಯದ ಕೆಲಸ ಮಾಡುತ್ತದೆ. ನೀರು ಏರಿಯ ಅಡಿಯಿಂದ ತಿಂಗಳುಗಟ್ಟಲೆ ನಿಧಾನವಾಗಿ ಸರಿದು ಕೆಳಗಿನ ತಗ್ಗಿನಲ್ಲಿ ತಲಪರಿಗೆಯಾಗಿ ಏಳುತ್ತದೆ. ಕೆರೆ ಬತ್ತಿದ ಮೇಲೂ ಕೆಲಕಾಲ ತಲಪರಿಗೆ ಜಿನುಗುತ್ತಿರುವುದಕ್ಕೆ ಕಾರಣ ಇದೇ ನಿಧಾನ.

ಇದಕ್ಕೊಂದು ಶಿಸ್ತು ಬೇಕಿತ್ತು. ಮಳೆಗಾಲದ ಹೂಳು ಗುಂಡಿಯ ಬಾಯಿ ಕಟ್ಟಿದರೆ ಊಟೆ ನಿಲ್ಲುತ್ತದೆ. ಆದ್ದರಿಂದ ಅಚ್ಚುಕಟ್ಟಿನ ರೈತರೆಲ್ಲ ವರ್ಷಕ್ಕೊಮ್ಮೆ ಸೇರಿ ತಲಪರಿಗೆಯ ಹೂಳೆತ್ತಿ, ಕಾಲುವೆ ಸವರಬೇಕು. ಮನೆಗೊಂದಾಳು ಬರಬೇಕು. ಸರದಿಯಂತೆ ನೀರು ಬಿಡುವುದು ನೀರಗಂಟಿಯ ಹೊಣೆ. ಹೊಲದ ಅಳತೆಗೆ ತಕ್ಕ ಪಾಲು. ನೀರು ಇಳಿದ ವರ್ಷ ಬೆಳೆಯ ವಿಸ್ತೀರ್ಣವೂ ಇಳಿಯಬೇಕು. ಇದರಲ್ಲಿ ಎಲ್ಲರಿಗೂ ಸಮನಾದ ನ್ಯಾಯವಿತ್ತೆಂದು ಭಾವಿಸಬೇಕಾಗಿಲ್ಲ. ಕಾಲುವೆಯ ಕೆಳಗೆ ಗದ್ದೆಯಿಲ್ಲದವನಿಗೆ ಆ ನೀರಿನಲ್ಲಿ ಪಾಲಿರಲಿಲ್ಲ, ಊರಿನಲ್ಲಿ ಯಾರಿಗೆ ಗದ್ದೆಯಿತ್ತು, ಯಾರಿಗೆ ಇರಲಿಲ್ಲ ಎಂಬುದೂ ಗೊತ್ತಿರುವ ಕಥೆಯೇ. ಆದರೆ ಒಂದು ಕಟ್ಟುಪಾಡನ್ನು ಯಾರೂ ಮೀರುವಂತಿರಲಿಲ್ಲ: ನೆಲ ತಾನಾಗಿ ಹೊರಕ್ಕೆ ಕೊಟ್ಟಷ್ಟನ್ನು ಮಾತ್ರ ತೆಗೆದುಕೊಳ್ಳುವುದು. ಕಾಲುವೆಯಲ್ಲಿ ನೀರು ಎಷ್ಟು ಎತ್ತರಕ್ಕಿದೆ ಎಂಬುದು ಗಾಜಿನ ಕೊಳವೆಯಲ್ಲಿ ರಕ್ತ ಎಷ್ಟು ಎತ್ತರಕ್ಕಿತ್ತು ಎಂಬಂತೆಯೇ. ಊರಿನ ನೆಲದ ಒತ್ತಡವನ್ನು ಪ್ರತಿದಿನ ಬೆಳಿಗ್ಗೆ ಯಾರು ಬೇಕಾದರೂ ಹೋಗಿ ನೋಡಬಹುದಿತ್ತು.

1970ರ ದಶಕದಿಂದ ಈಚೆಗೆ ಕೊಳವೆಬಾವಿಗಳು ಬಂದವು. ಅವು ಬಂದದ್ದು ಜನರ ದುರಾಸೆಯಿಂದ ಎನ್ನುವುದು ಸುಲಭದ ಮಾತು. ಬರದ ಮೇಲೆ ಬರ ಕಂಡ ಸೀಮೆಯಲ್ಲಿ, ಗದ್ದೆಯ ಸಾಲಿನಲ್ಲಿ ಜಾಗವಿಲ್ಲದ ಖುಷ್ಕಿ ಹೊಲದವನಿಗೂ ನೀರು ಕಾಣಿಸಿದ್ದು ಕೊಳವೆಬಾವಿಯೇ. ಆದರೆ ಅದು ಒತ್ತಡಕ್ಕೆ ಕಾಯುವುದಿಲ್ಲ, ಮೋಟಾರು ಎಳೆದುಕೊಳ್ಳುತ್ತದೆ. ಸುತ್ತಲಿನ ನೀರಿನ ಮಟ್ಟ ಒಂದೆರಡು ಆಳು ಇಳಿದರೆ ಸಾಕು, ತಲಪರಿಗೆ ನಿಂತುಹೋಗುತ್ತದೆ. ಕೊಳವೆಬಾವಿಗೆ ಅದು ಲೆಕ್ಕಕ್ಕೇ ಇಲ್ಲ, ಇನ್ನೂ ಎರಡು ಪೈಪು ಇಳಿಸಿದರಾಯಿತು.

ದೇಹದಲ್ಲಿ ಇದಕ್ಕೆ ಹೋಲುವ ಒಂದು ಸ್ಥಿತಿಯುಂಟು. ಅಪಘಾತದಲ್ಲಿ ರಕ್ತ ಸೋರುತ್ತಿರುವ ಆರೋಗ್ಯವಂತ ಯುವಕನ ರಕ್ತದೊತ್ತಡ ತಕ್ಷಣ ಇಳಿಯುವುದಿಲ್ಲ. ದೇಹ ತೂಬುಗಳನ್ನೆಲ್ಲ ಬಿಗಿಯುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ಒಟ್ಟು ರಕ್ತದ ಕಾಲು ಭಾಗದಷ್ಟು ಹೋದರೂ ಯಂತ್ರ ಇನ್ನೂ ಸುಮಾರಾದ ಅಂಕಿಯನ್ನೇ ತೋರಿಸಬಹುದು. ಅದರಾಚೆ ಒಂದು ಹಂತದಲ್ಲಿ ಒಮ್ಮೆಗೇ ಕುಸಿಯುತ್ತದೆ. ಅನುಭವಿ ವೈದ್ಯರು ಆಗ ಅಂಕಿಯನ್ನಷ್ಟೇ ನಂಬದೆ ನಾಡಿಯನ್ನೂ ಅಂಗೈಯ ತಂಪನ್ನೂ ನೋಡುತ್ತಾರೆ. ಆಳಕ್ಕೆ ಇಳಿಯುತ್ತ ಹೋದ ಕೊಳವೆಬಾವಿ ವರ್ಷಗಟ್ಟಲೆ ಎರಡಂಗುಲ ನೀರು ಕೊಡುತ್ತಲೇ ಇದ್ದು ಒಂದು ಮಾರ್ಚ್ ತಿಂಗಳಲ್ಲಿ ಬರೀ ಗಾಳಿ ಉಗುಳಿದಾಗ ರೈತನಿಗೆ ಆಗುವ ಆಘಾತ ಇದೇ ಬಗೆಯದು. ಊರಿನ ಕೈ ತಣ್ಣಗಾಗಿದೆ ಎಂದು ಮೊದಲೇ ಹೇಳುತ್ತಿದ್ದುದು ತಲಪರಿಗೆ. ಅದರತ್ತ ಹೋಗುವುದನ್ನು ಅಷ್ಟರಲ್ಲಿ ಜನ ಬಿಟ್ಟಾಗಿತ್ತು. ತುಮಕೂರು ಜಿಲ್ಲೆಯ ಹಲವು ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿವೆ. ಸಾವಿರ ಅಡಿ ದಾಟಿದ ಕೊಳವೆಬಾವಿಗಳು ಈಗ ಅಪರೂಪವಲ್ಲ. ಹಾರ್ವೆಯ ಲೆಕ್ಕವನ್ನು ಇಲ್ಲಿ ಹಾಕಿದರೆ ಉತ್ತರ ಬೇರೆ ಬರುತ್ತದೆ: ಹೊರಗೆ ಹೋದದ್ದು ಒಳಗಿದ್ದದ್ದಕ್ಕಿಂತ ಹೆಚ್ಚಾದರೆ ನೆಲದಲ್ಲಿ ಅದು ಸುತ್ತಿ ಬರುವುದಿಲ್ಲ. ಮರಳಿ ತುಂಬುವುದು ಮಳೆ ಮಾತ್ರ.

ಮರಳೂ ಹೋಯಿತು. ಬೆಂಗಳೂರಿನ ಕಟ್ಟಡಗಳು ಎದ್ದ ದಶಕಗಳಲ್ಲಿ ಜಯಮಂಗಲಿಯ ಪಾತ್ರದಿಂದ ಲಾರಿಗಟ್ಟಲೆ ಮರಳು ಸಾಗಿತು. ರಕ್ತವನ್ನು ತೆಗೆದದ್ದಲ್ಲದೆ ಲೋಮನಾಳಗಳನ್ನೇ ಕಿತ್ತಂತೆ.

ಇನ್ನೊಂದು ಪೆಟ್ಟು ರುಚಿಯಿಲ್ಲದ್ದು, ಬಣ್ಣವಿಲ್ಲದ್ದು. ಆಕಾಶದಿಂದ ಬೀಳುವ ನೀರಿಗೆ ಒಂದೇ ಬಣ್ಣ, ಒಂದೇ ರುಚಿ, ನೆಲದ ಗುಣದಿಂದ ಅದು ಬಗೆಬಗೆಯಾಗುತ್ತದೆ ಎಂದೂ ವರಾಹಮಿಹಿರ ಹೇಳಿದ್ದಾನೆ. ಕಣಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ಆಳದ ನೀರು ಕಲ್ಲಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಅದು ಅಪಾಯ. ಪಾವಗಡದ ಹಳ್ಳಿಗಳಲ್ಲಿ ಕಲೆಗಟ್ಟಿದ ಹಲ್ಲು, ಬಾಗಿದ ಮೂಳೆ, ಬಗ್ಗಲಾರದ ಬೆನ್ನು ಈ ನೀರಿನ ಗುರುತುಗಳು. ಶಿರಾ, ಮಧುಗಿರಿಗಳ ಹಲವು ಊರುಗಳಿಗೂ ಈ ಬಾಧೆ ತಪ್ಪಿಲ್ಲ. ಮಳೆಯಿಂದ ಬಂದು ಮರಳಿನಲ್ಲಿ ಕೆಲವೇ ತಿಂಗಳು ಇದ್ದು ಹೊರಬರುವ ಮೇಲ್ಪದರದ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಕೆಲವು ಊರುಗಳಲ್ಲಿ ಗದ್ದೆಗೆ ತಲಪರಿಗೆಯ ನೀರು ಬಿಟ್ಟವರೂ ಅಡುಗೆಗೆ, ಬೇಳೆ ಬೇಯಿಸಲಿಕ್ಕೆ ಅದನ್ನೇ ಹೊರುತ್ತಿದ್ದುದು ಸುಮ್ಮನೆಯಲ್ಲ.

ತಲಪರಿಗೆಗಳು ಪೂರ್ತಿ ಅಳಿದಿಲ್ಲ. ಜಲತಜ್ಞ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಈ ಊರುಗಳನ್ನು ಸುತ್ತಿ ಅವುಗಳನ್ನು ದಾಖಲಿಸಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಕೆಲವು ತಲಪರಿಗೆಗಳ ಹೂಳು ತೆಗೆದು, ಕಲ್ಲು ಕಟ್ಟಿ, ಕಾಲುವೆ ಬಿಡಿಸುವ ಕೆಲಸವೂ ನಡೆದಿದೆ. ಹೂಳೆತ್ತಿದರೆ ಬಾಯಿ ತೆರೆಯುತ್ತದೆ. ಒಳಗೆ ಒತ್ತಡವಿದ್ದರೆ ಮಾತ್ರ ನೀರು ಬರುತ್ತದೆ. ಮೇಲಿನ ಕೆರೆಯನ್ನು ಬಿಟ್ಟು ಕೆಳಗಿನ ಗುಂಡಿಯನ್ನಷ್ಟೇ ಸರಿಪಡಿಸುವುದು ಹೃದಯವನ್ನು ಬಿಟ್ಟು ನಾಡಿಗೆ ಮದ್ದು ಹಚ್ಚಿದಂತೆ ಎಂಬುದನ್ನು ಈ ಕೆಲಸ ಮಾಡಿದವರಿಗೆ ಹೇಳಬೇಕಾಗಿಲ್ಲ.

2021 ಮತ್ತು 2022ರಲ್ಲಿ ಬಯಲುಸೀಮೆಗೆ ಅಪರೂಪದ ಮಳೆ ಬಂತು. ಜಯಮಂಗಲಿ ದಡ ಮೀರಿ ಹರಿಯಿತು. ವರ್ಷಗಳಿಂದ ತುಂಬದಿದ್ದ ಕೆರೆಗಳು ಕೋಡಿ ಬಿದ್ದವು. ಆ ದಿನಗಳಲ್ಲಿ ಬಯಲುಸೀಮೆಯ ಹಲವು ಊರುಗಳಲ್ಲಿ ಜನ ಒಂದು ವಿಚಿತ್ರವನ್ನು ನೋಡಲು ಹೊಲಗಳಿಗೆ ಹೋದರು. ಬತ್ತಿಹೋಗಿದೆಯೆಂದು ಕೈಬಿಟ್ಟಿದ್ದ ಕೊಳವೆಬಾವಿಗಳ ಬಾಯಿಂದ, ಮೋಟಾರಿಲ್ಲದೆ, ಕರೆಂಟಿಲ್ಲದೆ, ನೀರು ತಾನಾಗಿ ಉಕ್ಕಿ ಕೇಸಿಂಗ್ ಪೈಪಿನ ಅಂಚು ದಾಟಿ ಹರಿಯುತ್ತಿತ್ತು.